ವೈಜ್ಞಾನಿಕ ಕಥೆಗಳ ಆಕರ್ಷಣೆ

ಕಾಣದ ಮನುಷ್ಯನೊಬ್ಬನ ಧ್ವನಿ ಈಗ ನಿಮ್ಮ ಪಡಸಾಲೆಯಲ್ಲಿ ಕೇಳಿಸುತ್ತಿದೆ. ನಿಮ್ಮಲ್ಲಿ ಯಾರೂ ಬೆಚ್ಚಿಬಿದ್ದಿಲ್ಲವೆಂದು ನಂಬುತ್ತೇನೆ. ತಂಗಿಯ ಮದುವೆಯ ರಥವನ್ನು ತಾನೇ ನಡೆಸಿಕೊಂಡು ಹೋಗುತ್ತಿದ್ದ ಕಂಸನಿಗೆ ಇಂತಹುದೇ ಒಂದು ಅಶರೀರವಾಣಿ ಕೇಳಿಸಿದಾಗ, ಅವನು ಕತ್ತಿಯನ್ನು ಹಿರಿದು ದೇವಕಿಯ ಮುಡಿಗೆ ಕೈಹಾಕಿದನು. ೧೯೩೫ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರವನ್ನು ಆರಂಭಿಸಿದಾಗ, ಅದಕ್ಕೆ ಒದಗಿದ ಹೆಸರು ಆ ಪುರಾಣದ ಮಾತೇ ಆಗಿತ್ತು: ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೂ ಅದೇ ಹೆಸರು ನಿಂತಿತು.

ಹೆಸರು ಒಂದೇ ಆದರೂ ಈ ಎರಡು ವಾಣಿಗಳಿಗೆ ಬಹಳ ಅಂತರವುಂಟು. ಕಂಸನು ಧ್ವನಿ ಏನು ಹೇಳಿತೆಂಬುದನ್ನು ಮಾತ್ರ ಯೋಚಿಸಿದನು. ಹೇಗೆ ಬಂದಿತೆಂದು ಯಾರನ್ನೂ ಕೇಳಲಿಲ್ಲ. ಒಂಟಿಕೊಪ್ಪಲಿನ ಧ್ವನಿಯನ್ನು ಮೊದಲು ಕೇಳಿದ ಮೈಸೂರಿನವರಾದರೋ, ಹೇಳಿದ್ದೇನೆಂಬುದರ ಜೊತೆಗೆ, ಅದು ತಂತಿಯಿಲ್ಲದೆ ಬಂದುದು ಹೇಗೆಂದೂ ಕೇಳಿರಬೇಕು. ಬೆರಗು ಹಾಗೆಯೇ ಉಳಿದು, ಅದರ ಪಕ್ಕದಲ್ಲಿ ‘ಹೇಗೆ’ ಎಂಬ ಪ್ರಶ್ನೆಯೊಂದು ಬಂದು ಕುಳಿತಾಗ ಹುಟ್ಟುವ ಸಾಹಿತ್ಯವೇ ವೈಜ್ಞಾನಿಕ ಕಥೆ. ಅದು ಓದುಗರನ್ನು ಏಕೆ ಸೆಳೆಯುತ್ತದೆಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿರಿಸೋಣ. ವೈಜ್ಞಾನಿಕ ಕಥೆಯೆಂದರೆ ವಿಜ್ಞಾನದ ಪಾಠವನ್ನು ಕಥೆಯ ಬೆಲ್ಲದಲ್ಲಿ ಅದ್ದಿ ಕೊಡುವುದಲ್ಲ. ಅದರ ಕ್ರಮವೇ ಬೇರೆ. ಲೇಖಕನು ಆರಂಭದಲ್ಲಿ ನಮ್ಮಿಂದ ಒಂದು ಸಾಲವನ್ನು ಕೇಳುತ್ತಾನೆ: ‘ಈ ಒಂದು ಸಂಗತಿಯನ್ನು ಒಪ್ಪಿಕೊಳ್ಳಿ.’ ನಾವು ಒಪ್ಪಿದ ಮೇಲೆ ಅವನು ಮತ್ತೆ ಏನನ್ನೂ ಪುಕ್ಕಟೆಯಾಗಿ ಕೇಳುವಂತಿಲ್ಲ. ಆ ಒಂದು ಊಹೆಯಿಂದ ಏನೇನು ಫಲಿಸಬೇಕೋ ಅದನ್ನೆಲ್ಲ ಅಂಗಡಿಯ ಖಾತೆಯಂತೆ ಲೆಕ್ಕ ತಪ್ಪದೆ ತೋರಿಸಿಕೊಡಬೇಕು. ಊಹೆಯಲ್ಲಿ ಧೈರ್ಯ, ಫಲದಲ್ಲಿ ಪ್ರಾಮಾಣಿಕತೆ: ಈ ಎರಡೂ ಕೂಡಿದರೆ ಒಳ್ಳೆಯ ವೈಜ್ಞಾನಿಕ ಕಥೆ.

ಒಂದು ಹೋಲಿಕೆಯಿಂದ ಇದು ಸ್ಪಷ್ಟವಾಗುತ್ತದೆ. ಭಾಗವತದಲ್ಲಿ ಕಕುದ್ಮಿಯೆಂಬ ರಾಜನು ಮಗಳಾದ ರೇವತಿಗೆ ವರನನ್ನು ವಿಚಾರಿಸಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾನ ನಡೆಯುತ್ತಿರುತ್ತದೆ, ಮುಗಿಯುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದುಹೋಗಿ, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ಮಾತಿರಲಿ, ಅವರ ಮಕ್ಕಳ ಮೊಮ್ಮಕ್ಕಳ ಹೆಸರೂ ಉಳಿದಿರುವುದಿಲ್ಲ. ಎಂತಹ ಕಲ್ಪನೆ! ಆದರೆ ಪುರಾಣವು ಆ ಯುಗಗಳಲ್ಲಿ ಜನರು ಹೇಗೆ ಬದಲಾದರೆಂದು ನಿಂತು ವಿಚಾರಿಸುವುದಿಲ್ಲ. ರೇವತಿಗೆ ಬಲರಾಮನು ದೊರೆತ ಮೇಲೆ ಅದರ ಕೆಲಸ ಮುಗಿಯಿತು. ೧೮೯೫ರಲ್ಲಿ ಎಚ್. ಜಿ. ವೆಲ್ಸನು ಬರೆದ ‘ಕಾಲಯಂತ್ರ’ದ ಕಥೆಯಲ್ಲಿಯೂ ಒಬ್ಬನು ಕಾಲವನ್ನು ದಾಟಿ ಹೋಗುತ್ತಾನೆ. ಅವನು ತಲಪುವುದು ೮,೦೨,೭೦೧ನೆಯ ಇಸವಿಗೆ. ಅಲ್ಲಿ ಮನುಷ್ಯಕುಲ ಎರಡಾಗಿ ಒಡೆದಿದೆ. ನೆಲದ ಮೇಲೆ ಸುಖದಿಂದ ಮೆತ್ತಗಾದ, ಮಕ್ಕಳಂತಹ ಜನ. ನೆಲದ ಕೆಳಗೆ ಕತ್ತಲೆಯಲ್ಲಿ ಯಂತ್ರಗಳನ್ನು ನಡೆಸುವ ಜನ. ರಾತ್ರಿಯಾದರೆ ಕೆಳಗಿನವರು ಮೇಲಿನವರನ್ನು ಹಿಡಿದು ತಿನ್ನುತ್ತಾರೆ. ತನ್ನ ಕಾಲದ ಇಂಗ್ಲೆಂಡಿನಲ್ಲಿ ಧಣಿಗೂ ಕೂಲಿಗೂ ನಡುವೆ ಇದ್ದ ಕಂದಕವು ಹಾಗೆಯೇ ಅಗಲವಾಗುತ್ತ ಹೋದರೆ ಕಡೆಗೆ ಏನಾದೀತೆಂಬ ಲೆಕ್ಕ ಅದು. ಕಕುದ್ಮಿಯ ಕಥೆ ನಮ್ಮನ್ನು ಬೆರಗುಗೊಳಿಸಿ ಮನೆಗೆ ಕಳುಹಿಸುತ್ತದೆ. ವೆಲ್ಸನ ಕಥೆ ಬೆರಗಿನೊಡನೆ ಒಂದು ಕಳವಳವನ್ನೂ ಕಟ್ಟಿ ಕಳುಹಿಸುತ್ತದೆ.

ನಮ್ಮ ಆಲಂಕಾರಿಕರು ಅದ್ಭುತವನ್ನು ಒಂದು ರಸವೆಂದು ಎಣಿಸಿ, ವಿಸ್ಮಯವು ಅದರ ಸ್ಥಾಯಿಭಾವವೆಂದರು. ವಿಸ್ಮಯವನ್ನು ಬಯಸುವುದು ಹುಡುಗತನವಲ್ಲ. ಅದು ಮನಸ್ಸಿನ ಹಸಿವು. ಆದರೆ ನಾಲ್ಕು ಅಕ್ಷರ ಕಲಿತ ಇಂದಿನ ಓದುಗನಿಗೆ ಒಂದು ಸಂಕಟವುಂಟು: ಬೆರಗಾಗಲು ಅವನಿಗೆ ಆಸೆ, ಮರುಳಾಗಲು ನಾಚಿಕೆ. ಬುದ್ಧಿಯನ್ನು ಬಾಗಿಲಲ್ಲಿ ಬಿಟ್ಟು ಬಾ ಎಂದು ಹೇಳದೆ, ಅದನ್ನೂ ಕರೆದುಕೊಂಡು ಬಾ ಎನ್ನುವ ಬೆರಗು ವೈಜ್ಞಾನಿಕ ಕಥೆಯದು. ಅದರ ಮೊದಲನೆಯ ಆಕರ್ಷಣೆ ಇದೇ.

ಇದಕ್ಕೆ ನಮ್ಮ ಸೀಮೆಯವರಿಗೆ ಸುಲಭವಾಗಿ ಹಿಡಿಸುವ ನಿದರ್ಶನವೊಂದುಂಟು: ಆನೆ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು ೧೮೭೪ರಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆಗಳ ಹಿಂಡನ್ನು ಯಶಸ್ವಿಯಾಗಿ ಹಿಡಿದನು. ಮುಂದೆ ಹೆಗ್ಗಡದೇವನಕೋಟೆಯ ತಾಲ್ಲೂಕಿನ ಕಾಕನಕೋಟೆಯ ಕಾಡು, ಕಪಿಲೆಯೆಂದೂ ಕಬಿನಿಯೆಂದೂ ಕರೆಯುವ ಹೊಳೆಯ ದಡ, ಖೆಡ್ಡಾಕ್ಕೆ ಲೋಕಪ್ರಸಿದ್ಧವಾಯಿತು. ಇಷ್ಟರಲ್ಲಿ, ೧೮೮೦ರಲ್ಲಿ, ಹಿಂದೂಸ್ಥಾನವನ್ನು ಒಮ್ಮೆಯೂ ನೋಡದ ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ‘ಹಬೆಯ ಮನೆ’ ಎಂಬ ಅರ್ಥದ ಹೆಸರಿನ ಕಾದಂಬರಿಯೊಂದನ್ನು ಪ್ರಕಟಿಸಿದನು. ಅದರ ನಾಯಕನೇ ಒಂದು ಉಕ್ಕಿನ ಆನೆ! ಹೊಟ್ಟೆಯಲ್ಲಿ ಬಾಯ್ಲರ್, ಸೊಂಡಿಲಿನಿಂದ ಹೊಗೆ, ಬೆನ್ನ ಹಿಂದೆ ಗಾಲಿಗಳ ಮೇಲೆ ನಿಂತ ಎರಡು ಮನೆಗಳು. ಅವುಗಳೊಳಗೆ ಕುಳಿತು ಯೂರೋಪಿಯನ್ ಪ್ರವಾಸಿಗಳು ಉತ್ತರ ಹಿಂದೂಸ್ಥಾನದಲ್ಲಿ ಸಂಚರಿಸುತ್ತಾರೆ.

ಕೇಳಿದರೆ ನಗು ಬರುತ್ತದೆ. ಆದರೆ ವರ್ನ್ ನಗುವುದಿಲ್ಲ. ಸೌದೆ ಎಲ್ಲಿಂದ, ನೀರು ಎಲ್ಲಿಂದ, ಹೊಳೆ ಅಡ್ಡ ಬಂದರೆ ದಾಟುವುದು ಹೇಗೆ ಎಂಬುದಕ್ಕೆಲ್ಲ ಅವನಲ್ಲಿ ಉತ್ತರ ಸಿದ್ಧವಾಗಿದೆ. ರಾಜನೊಬ್ಬನ ಸಾಕಿದ ಆನೆಗಳೊಡನೆ ಉಕ್ಕಿನ ಆನೆ ಜಗ್ಗಾಟಕ್ಕೆ ನಿಂತು ಗೆಲ್ಲುತ್ತದೆ. ಆಮೇಲೊಮ್ಮೆ ಕಾಡಾನೆಗಳ ಹಿಂಡೇ ಈ ಅಪರಿಚಿತ ಆನೆಯ ಮೇಲೆ ಬೀಳುತ್ತದೆ. ಕೊನೆಗೆ ಬಾಯ್ಲರ್ ಸಿಡಿದು ಉಕ್ಕಿನ ಆನೆ ಚೂರಾಗುತ್ತದೆ. ಅಸಂಭವವಾದುದು ಒಂದೇ, ಮಿಕ್ಕುದೆಲ್ಲ ಸೌದೆ ನೀರಿನ ವ್ಯವಹಾರ. ಆ ವ್ಯವಹಾರದ ಬಲದಿಂದಲೇ ಅಸಂಭವವಾದುದನ್ನು ನಾವು ಒಪ್ಪಿಕೊಂಡುಬಿಡುತ್ತೇವೆ.

ಇಂತಹ ಕಥೆಗಳ ಹಿರಿಮೆ ಅವುಗಳ ಭವಿಷ್ಯಜ್ಞಾನದಲ್ಲಿದೆಯೆಂದು ಹಲವರು ಹೇಳುವುದುಂಟು. ನನಗೆ ಈ ಮಾತಿನಲ್ಲಿ ಅಷ್ಟು ವಿಶ್ವಾಸವಿಲ್ಲ. ವರ್ನನು ೧೮೬೫ರಲ್ಲಿ ಮನುಷ್ಯರನ್ನು ಗುಂಡಿನೊಳಗೆ ಕೂರಿಸಿ ಫಿರಂಗಿಯಿಂದ ಚಂದ್ರನತ್ತ ಹಾರಿಸಿದನು. ನಿಜವಾಗಿ ಹಾಗೆ ಮಾಡಿದರೆ ಒಳಗಿದ್ದವರು ಆ ಹೊಡೆತಕ್ಕೇ ಸತ್ತುಹೋಗುತ್ತಾರೆ. ವೆಲ್ಸನು ೧೯೦೧ರಲ್ಲಿ ಗುರುತ್ವಾಕರ್ಷಣೆಯನ್ನು ತಡೆಯುವ ವಸ್ತುವೊಂದನ್ನು ಕಲ್ಪಿಸಿ ತನ್ನವರನ್ನು ಅಲ್ಲಿಗೆ ಕಳುಹಿಸಿದನು. ತಾನು ಬಳಸಿದ್ದು ಭೌತಶಾಸ್ತ್ರ, ವೆಲ್ಸನದು ಬರಿಯ ಕಟ್ಟುಕಥೆ ಎಂದು ವರ್ನನು ಆಕ್ಷೇಪಿಸಿದನು. ದಾರಿಯ ವಿಷಯದಲ್ಲಿ ಇಬ್ಬರೂ ತಪ್ಪಿದರು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನದ ನೌಕೆ ಚಂದ್ರನ ದಕ್ಷಿಣಧ್ರುವದ ಸಮೀಪದಲ್ಲಿ ಇಳಿದಾಗ ಬೆಂಗಳೂರಿನಲ್ಲಿ ಕುಳಿತು ಅದನ್ನು ನಡೆಸಿದವರಿಗೆ ಫಿರಂಗಿಯೂ ಬೇಕಾಗಲಿಲ್ಲ, ಮಾಯಾವಸ್ತುವೂ ಬೇಕಾಗಲಿಲ್ಲ. ಆದರೂ ಆ ಎರಡು ಕಥೆಗಳು ಹಳಸಿಲ್ಲ. ಪಂಚಾಂಗದ ಮಳೆಯ ಲೆಕ್ಕ ತಪ್ಪಿದರೆ ಪಂಚಾಂಗವನ್ನು ಬಿಸುಡಬಹುದು. ಊಹೆ ತಪ್ಪಿತೆಂದು ಕಥೆಯನ್ನು ಯಾರೂ ಬಿಸುಡುವುದಿಲ್ಲ.

ಬೆರಗಿನ ಈ ಎರಡು ಬಗೆಗಳ ನಡುವೆ ಬಾಳಿದ ಒಬ್ಬ ವ್ಯಕ್ತಿ ನಮ್ಮ ಕಾಕನಕೋಟೆಯ ಪಕ್ಕದವನೇ. ಕಾರಾಪುರದಲ್ಲಿ ೧೯೨೪ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, ಚಲಚ್ಚಿತ್ರ ತೆಗೆಯಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದವರ ಕಣ್ಣಿಗೆ ಬಿದ್ದನು. ೧೯೩೭ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಅವನ ಹೆಸರು ಜಗತ್ತಿಗೆ ತಿಳಿಯಿತು. ಆ ಚಿತ್ರವನ್ನು ನಿರ್ಮಿಸಿದ ಅಲೆಕ್ಸಾಂಡರ್ ಕೊರ್ಡಾ ಅದರ ಹಿಂದಿನ ವರ್ಷವಷ್ಟೆ ವೆಲ್ಸನ ಕಥೆಯಿಂದ ‘ಥಿಂಗ್ಸ್ ಟು ಕಮ್’ ಎಂಬ ಚಿತ್ರವನ್ನು ಹೊರತಂದಿದ್ದನು. ಯುದ್ಧದಿಂದ ಹಾಳಾದ ನಗರ, ಆಮೇಲೆ ಯಂತ್ರಗಳಿಂದ ಕಟ್ಟಿದ ಹೊಸ ನಗರ, ಕೊನೆಗೆ ಚಂದ್ರನತ್ತ ಪ್ರಯಾಣ. ೧೯೪೦ರಲ್ಲಿ ಅದೇ ಕೊರ್ಡಾನ ‘ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಸಾಬು ಮಾಯಾಗಂಬಳಿಯ ಮೇಲೆ ಹಾರಿದನು. ಕೆಲವೇ ವರ್ಷಗಳಲ್ಲಿ, ಎರಡನೆಯ ಮಹಾಯುದ್ಧದಲ್ಲಿ, ಅಮೆರಿಕದ ಬಾಂಬರ್ ವಿಮಾನದಲ್ಲಿ ಕೋವಿ ಹಿಡಿದು ಕುಳಿತು ನಿಜವಾಗಿಯೇ ಹಾರಿದನು. ಆನೆಯ ಬೆನ್ನು, ಮಾಯಾಗಂಬಳಿ, ಯುದ್ಧವಿಮಾನ. ಗಂಬಳಿ ಹಾರಿದರೆ ನಾವು ಚಪ್ಪಾಳೆ ತಟ್ಟಿ ಸುಮ್ಮನಾಗುತ್ತೇವೆ. ವಿಮಾನ ಹಾರಿದರೆ, ಅದು ಎಲ್ಲಿಗೆ ಹೋಗುತ್ತದೆ, ಏನನ್ನು ಉದುರಿಸುತ್ತದೆ, ಕೆಳಗೆ ಯಾರಿದ್ದಾರೆ ಎಂದು ಕೇಳಲೇಬೇಕಾಗುತ್ತದೆ.

‘ಕೆಳಗೆ ಯಾರಿದ್ದಾರೆ?’ ವೈಜ್ಞಾನಿಕ ಕಥೆಯ ಎರಡನೆಯ ಆಕರ್ಷಣೆ, ನನ್ನ ಅಭಿಪ್ರಾಯದಲ್ಲಿ ಮೊದಲನೆಯದಕ್ಕಿಂತ ದೊಡ್ಡದು, ಈ ಪ್ರಶ್ನೆಯಲ್ಲಿದೆ. ಅದು ನಮ್ಮನ್ನು ನಮ್ಮ ಪೀಠದಿಂದ ಎಬ್ಬಿಸಿ ಎದುರಿನ ಪೀಠದಲ್ಲಿ ಕೂರಿಸುತ್ತದೆ. ವೆಲ್ಸನ ‘ಲೋಕಗಳ ಸಮರ’ವು ಪುಸ್ತಕವಾಗಿ ಬಂದುದು ೧೮೯೮ರಲ್ಲಿ. ಮಂಗಳಗ್ರಹದವರು ಇಂಗ್ಲೆಂಡಿನ ಮೇಲೆ ಇಳಿದು, ಅಲ್ಲಿಯ ಸೈನ್ಯವನ್ನು ಹುಲ್ಲಿನಂತೆ ಸುಟ್ಟುಬಿಡುತ್ತಾರೆ. ಆಗ ಇಂಗ್ಲಿಷರ ಸಾಮ್ರಾಜ್ಯದಲ್ಲಿ ಸೂರ್ಯನು ಮುಳುಗುತ್ತಿರಲಿಲ್ಲವಷ್ಟೆ. ಮಂಗಳದವರನ್ನು ಬೈಯುವ ಮೊದಲು, ನಾವು ಯೂರೋಪಿಯನ್ನರು ಟಾಸ್ಮೇನಿಯದ ಮೂಲನಿವಾಸಿಗಳಿಗೆ ಏನು ಮಾಡಿದೆವೆಂಬುದನ್ನು ನೆನೆಯಬೇಕೆಂದು ವೆಲ್ಸನು ಕಥೆಯ ಆರಂಭದಲ್ಲಿಯೇ ಎಚ್ಚರಿಸುತ್ತಾನೆ. ಕಥೆಯನ್ನು ಹೇಳುವವನು ಒಂದೆಡೆ, ತನ್ನ ಬಿಲಕ್ಕೆ ಹಿಂತಿರುಗಿ ಬಂದ ಮೊಲವೊಂದು ಅಲ್ಲಿ ಕೂಲಿಯಾಳುಗಳು ಮನೆಗೆ ಪಾಯ ತೋಡುವುದನ್ನು ಕಂಡಾಗ ಪಡುವ ಭಾವವೇ ತನ್ನದೆಂದು ತಿಳಿದುಕೊಳ್ಳುತ್ತಾನೆ. ಆಳುವವನಿಗೆ ಆಳಿಸಿಕೊಳ್ಳುವವನ ಕಣ್ಣನ್ನು ಕೊಡಲು ಬೇರೆ ಯಾವ ಸಾಹಿತ್ಯಪ್ರಕಾರಕ್ಕೂ ಇಷ್ಟು ನೇರವಾದ ಉಪಾಯ ಒದಗಿರಲಿಲ್ಲ.

ಈ ಕಣ್ಣಿನಿಂದ ಖೆಡ್ಡಾವನ್ನು ಒಮ್ಮೆ ನೋಡಿ. ನೋಡಲು ಬಂದ ಅತಿಥಿಗಳಿಗೆ ಅದು ಭವ್ಯವಾದ ದೃಶ್ಯ. ತಮಟೆ, ಬೆಂಕಿ, ಕೂಗುಗಳಿಂದ ಹಿಂಡನ್ನು ಕಾಡಿನಿಂದ ಎಬ್ಬಿಸಿ, ಹೊಳೆಗೆ ಇಳಿಸಿ, ದಾಟಿಸಿ, ಮರದ ದಿಮ್ಮಿಗಳ ಆವರಣದೊಳಕ್ಕೆ ತುಂಬಿ ಬಾಗಿಲನ್ನು ಕೆಡವುತ್ತಿದ್ದರು. ಬಳಿಕ ಪಳಗಿದ ಕುಂಕಿ ಆನೆಗಳು ಬೆನ್ನ ಮೇಲೆ ಮಾವುತರನ್ನು ಹೊತ್ತು ಒಳಗೆ ಬರುತ್ತಿದ್ದವು, ಹಗ್ಗಗಳು ಬರುತ್ತಿದ್ದವು. ಈಗ ಆವರಣದೊಳಗಿನ ಹೆಣ್ಣಾನೆಯೊಂದರ ಕಡೆಯಿಂದ ಇದನ್ನೇ ಹೇಳಿ. ಗೊತ್ತಿಲ್ಲದ ಜೀವಿಗಳು, ಅರ್ಥವಾಗದ ಬೆಂಕಿ, ಹೊಳೆಯಾಚೆ ಎಂದೂ ಇಲ್ಲದಿದ್ದ ಗೋಡೆ, ಕೊನೆಗೆ, ನಮ್ಮದೇ ಜಾತಿಯ ಮುಖಗಳು, ಆದರೆ ಅವುಗಳ ಬೆನ್ನ ಮೇಲೆ ಆ ಜೀವಿಗಳು ಕುಳಿತಿವೆ! ಇದು ಮಂಗಳಗ್ರಹದವರ ಕಥೆಯಲ್ಲದೆ ಮತ್ತೇನು?

ಆನೆಯ ಮಾತು ಹಾಗಿರಲಿ. ಆ ಕಾಡಿನಲ್ಲಿ ಮನುಷ್ಯರೂ ಇದ್ದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕಾಕನಕೋಟೆ’ ನಾಟಕವನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ, ೧೯೭೭ರಲ್ಲಿ ಸಿ. ಆರ್. ಸಿಂಹ ಅವರು ಅದನ್ನು ಚಲಚ್ಚಿತ್ರವಾಗಿಯೂ ಮಾಡಿದರು. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾಡು ಕುರುಬರ ಲೋಕವೂ ನಾಡಿನ ಅಧಿಕಾರವೂ ಒಂದನ್ನೊಂದು ಎದುರುಗೊಂಡ ಕಥೆ ಅದು. ಅದನ್ನು ವೈಜ್ಞಾನಿಕ ಕಥೆಯೆಂದು ಕರೆದರೆ ನೀವು ನಗುವಿರಿ, ನಾನೂ ನಗುವೆನು. ಆದರೆ ಅದರ ಮೂಲಪ್ರಶ್ನೆ ವೆಲ್ಸನದಕ್ಕೆ ನೆಂಟು: ಎರಡು ಲೋಕಗಳು ಸಂಧಿಸಿದಾಗ, ಬಲ ಕಡಿಮೆಯಿರುವ ಲೋಕದ ಗತಿಯೇನು? ಮಾಸ್ತಿಯವರು ಅದನ್ನು ಹಿಂದಿನ ಕಾಲಕ್ಕೆ ಒಯ್ದು ಕೇಳಿದರು. ವೆಲ್ಸನು ಆಕಾಶಕ್ಕೆ ಒಯ್ದು ಕೇಳಿದನು.

ನಮ್ಮ ದೇಶದಲ್ಲಿ ಈ ಪ್ರಕಾರವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಜಗದೀಶಚಂದ್ರ ಬೋಸರು ೧೮೯೬ರಲ್ಲಿಯೇ ಬಂಗಾಳಿಯಲ್ಲಿ, ಒಂದು ಸೀಸೆ ತಲೆಯೆಣ್ಣೆಯಿಂದ ಸಮುದ್ರದ ಬಿರುಗಾಳಿ ಅಡಗಿದ ಕಥೆಯನ್ನು ಬರೆದರು. ಬೇಗಂ ರೊಕೆಯಾ ಅವರ ‘ಸುಲ್ತಾನಳ ಕನಸು’ ೧೯೦೫ರಲ್ಲಿ ಮದರಾಸಿನ ಇಂಗ್ಲಿಷ್ ಮಹಿಳಾಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದರಲ್ಲಿ ಗೋಷಾ ಇರುವುದು ಗಂಡಸರಿಗೆ! ಹೆಂಗಸರು ವಿಶ್ವವಿದ್ಯಾಲಯಗಳನ್ನು ಕಟ್ಟಿ, ಸೂರ್ಯನ ಶಾಖವನ್ನು ಹಿಡಿದಿಟ್ಟು, ಅದರಿಂದಲೇ ಅಡಿಗೆ ಮಾಡಿ, ಅದರಿಂದಲೇ ಶತ್ರುಗಳನ್ನು ಓಡಿಸಿ ರಾಜ್ಯವಾಳುತ್ತಾರೆ. ಜನಾನಾದ ಅನ್ಯಾಯವನ್ನು ಕುರಿತ ಹತ್ತು ಉಪನ್ಯಾಸಗಳು ಮಾಡಲಾರದ ಕೆಲಸವನ್ನು ಆ ಪುಟ್ಟ ಕಥೆ ಒಂದು ತಿರುವಿನಿಂದ ಮಾಡಿಬಿಟ್ಟಿತು.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಹಟತೊಟ್ಟು ಈ ಪ್ರಕಾರವನ್ನು ಬೆಳೆಸಿದರು. ಆಕಾಶನೌಕೆಗಳಿಗೂ ಅನ್ಯಗ್ರಹದವರಿಗೂ ಕನ್ನಡದಲ್ಲಿ ಮಾತು ಕಲಿಸಿದವರಲ್ಲಿ ಅವರು ಪ್ರಮುಖರು. ೧೯೮೦ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಈ ಗುಂಪಿಗೆ ಸೇರಿಸಬಹುದೇ ಎಂಬುದು ಚರ್ಚೆಯ ಮಾತು. ಅದರಲ್ಲಿ ರಾಕೆಟ್ಟುಗಳಿಲ್ಲ; ಇರುವುದು ಮಲೆನಾಡಿನ ಒಂದು ಹಾರುವ ಓತಿ, ಅದನ್ನು ಹುಡುಕುವ ವಿಜ್ಞಾನಿ, ಮತ್ತು ಊರವರು ಕೆಲಸಕ್ಕೆ ಬಾರದವನೆಂದು ಬಿಟ್ಟಿದ್ದ ಮಂದಣ್ಣ. ಮಂದಣ್ಣನ ಕಣ್ಣೇ ವಿಜ್ಞಾನಿಗೆ ಬೇಕಾದ ಕಣ್ಣೆಂದು ಕರ್ವಾಲೊ ಗುರುತಿಸುತ್ತಾರೆ. ಕಡೆಯಲ್ಲಿ ಓತಿ ಕೈಗೆ ಸಿಕ್ಕದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ವಿಜ್ಞಾನದ ಬೆರಗನ್ನು ಯಂತ್ರದ ಮೂಲಕವಲ್ಲದೆ ಕಾಡಿನ ಮೂಲಕವೂ ತೋರಿಸಬಹುದೆಂದು ಅದು ನಮಗೆ ಕಲಿಸಿತು. ನಮ್ಮ ಮುಂದಿನ ವೈಜ್ಞಾನಿಕ ಕಥೆಗಾರರಿಗೆ ಈ ದಾರಿ ಒದಗಿದೆ.

ಆಕ್ಷೇಪಣೆಗಳನ್ನು ಮರೆಮಾಡುವುದು ಸರಿಯಲ್ಲ. ಈ ಪ್ರಕಾರದಲ್ಲಿ ಜೊಳ್ಳು ಬಹಳ. ಅನೇಕ ಕಥೆಗಳಲ್ಲಿ ಯಂತ್ರಗಳಿಗೆ ಇರುವ ಜೀವ ಮನುಷ್ಯರಿಗೆ ಇರುವುದಿಲ್ಲ. ಪಾತ್ರಗಳು ವಿವರಣೆ ಕೊಡುವ ಗೊಂಬೆಗಳಾಗಿ ನಿಲ್ಲುತ್ತವೆ. ಲೇಖಕನು ಸಾಲ ತೀರಿಸಲಾರದೆ, ಒಂದು ಸುಳ್ಳನ್ನು ಮುಚ್ಚಲು ಮತ್ತೊಂದು ಯಂತ್ರವನ್ನು ತರುತ್ತಾನೆ. ನನ್ನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು, ‘ಸರ್, ನಾಳೆಯ ಸುಳ್ಳಿಗಿಂತ ಇವತ್ತಿನ ನಿಜವನ್ನು ಓದುವುದು ಮೇಲಲ್ಲವೇ?’ ಎಂದು ಕೇಳಿದನು. ಆಗ ಕೊಟ್ಟ ಉತ್ತರ ನನಗೇ ಸಮಾಧಾನವಾಗಿರಲಿಲ್ಲ. ಸಮಾಧಾನವಾದ ಉತ್ತರ ದೊರೆತುದು ಕಬಿನಿಯ ದಡದಲ್ಲಿ.

ಕಾಕನಕೋಟೆಯ ಕಡೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ೧೯೭೪ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ನೆಲವನ್ನೇ ನೀರು ಮುಚ್ಚಿತು. ಕಾಡಿನ ಅಂಚಿನ ಹಳ್ಳಿಗಳೂ ಕುರುಬರ ಹಾಡಿಗಳೂ ಅದರೊಡನೆ ಮುಳುಗಿದವು. ಉಳಿದ ಕಾಡು ವನ್ಯಮೃಗಗಳ ರಕ್ಷಣೆಗೆ ಮೀಸಲಾಗಿ, ೧೯೮೮ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು; ಕಾಡಿನಲ್ಲಿದ್ದ ಎಷ್ಟೋ ಸಂಸಾರಗಳು ಹೊರಗೆ ಬಂದವು. ಆನೆಗಳಿಗೆ ನೆಲೆಯಾಯಿತು, ಗದ್ದೆಗಳಿಗೆ ನೀರಾಯಿತು. ಇವು ಸಣ್ಣ ಲಾಭಗಳಲ್ಲ. ಒಂದು ಬೇಸಗೆಯಲ್ಲಿ, ನೀರು ಇಳಿದಿದ್ದಾಗ, ನಾನು ಆ ದಡದಲ್ಲಿ ನಿಂತಿದ್ದೆನು. ಒಣಗಿ ಕಪ್ಪಾದ ಮರಗಳ ಬೊಡ್ಡೆಗಳು ಕೆಸರಿನ ನಡುವೆ ನಿಂತಿದ್ದವು. ದೂರದಲ್ಲಿ ಆನೆಗಳು ಹಸುರು ಮೇಯುತ್ತಿದ್ದವು. ಜೊತೆಗಿದ್ದ ಹಾಡಿಯ ಮುದುಕನು ನೀರಿನ ಒಂದು ಕಡೆಗೆ ಕೈತೋರಿಸಿ, ‘ನಮ್ಮ ಹಾಡಿ ಅಲ್ಲಿತ್ತು ಸ್ವಾಮಿ’ ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀರು ಬತ್ತದೆ ಅಂತ ಮೊದಲು ಹೇಳಿದಾಗ ನಾವು ಕತೆ ಅಂದ್ಕಂಡೊ’ ಎಂದನು.

ಶ್ರೋತೃಗಳೇ, ನನ್ನ ವಿದ್ಯಾರ್ಥಿಗೆ ನಾನು ಕೊಡಬೇಕಾಗಿದ್ದ ಉತ್ತರ ಆ ಮುದುಕನ ಮಾತಿನಲ್ಲಿತ್ತು. ನಾಳೆಯೆಂಬುದು ಕೆಲವರಿಗೆ ನಕ್ಷೆಯಾಗಿ ಬರುತ್ತದೆ, ಕೆಲವರಿಗೆ ನೀರಾಗಿ ಬರುತ್ತದೆ. ನಕ್ಷೆ ಬರೆಯುವವರು ಓದುಬರಹ ಬಲ್ಲ ನಮ್ಮಂಥವರೇ. ಬರೆಯುವ ಮೊದಲು ‘ಹೀಗಾದರೆ ಮುಂದೇನು? ಯಾರಿಗೆ ಏನು?’ ಎಂದು ಕೊನೆಯವರೆಗೆ ಯೋಚಿಸುವ ಅಭ್ಯಾಸ ನಮಗೆ ಬೇಕು. ಅದನ್ನು ಉಪದೇಶದಿಂದ ಕಲಿಸಲಾಗದು. ಬೆರಗಿನಿಂದ, ಭಯದಿಂದ, ನಗೆಯಿಂದ ಕಲಿಸಬಹುದು. ಒಳ್ಳೆಯ ವೈಜ್ಞಾನಿಕ ಕಥೆ ಮಾಡುವುದು ಅದನ್ನೇ. ನಾಳೆಯ ಕಥೆಯನ್ನು ಇಂದೇ ಕೇಳಿಸಿಕೊಂಡವನು, ನೀರು ಬಂದಾಗ ‘ಇದು ಕಥೆಯೆಂದುಕೊಂಡಿದ್ದೆ’ ಎನ್ನಬೇಕಾಗುವುದಿಲ್ಲ. ಬೇರೆಯವರು ಹಾಗೆನ್ನುವಂತೆ ಮಾಡುವುದೂ ಇಲ್ಲ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಅಂತಹ ಪುಸ್ತಕವೊಂದನ್ನು ಹಿಡಿದು ಮೂಲೆಯಲ್ಲಿ ಕುಳಿತಿದ್ದರೆ, ಪಾಠ ಬಿಟ್ಟು ಕಟ್ಟುಕಥೆ ಓದುತ್ತಿರುವೆಯಾ ಎಂದು ಗದರಬೇಡಿ. ಅವರು ಓದಿ ಮುಗಿಸಿದ ಮೇಲೆ ಪುಸ್ತಕವನ್ನು ಇಸಿದುಕೊಂಡು ನೀವೂ ಓದಿ.